ಹಳದಿ ಕೊಡೆಯ ಹಿಂದೆ

ಮಾರ್ಚ್ ೯, ಭಾನುವಾರ

ಕಾಲು ಬಿದ್ದುಹೋಗುವಂತೆ ನೋಯುತ್ತಿದೆ, ನಗು ಮಾತ್ರ ನಿಲ್ಲುತ್ತಿಲ್ಲ. ಹೊರಗಿನ ತಿಂಡಿ ಎಂದರೆ ಮೂಗು ಮುರಿಯುವ ಅತ್ತೆಯನ್ನು, ಈ ಮಹಾನಗರದ ಗಲ್ಲಿಗಳಲ್ಲಿ ನಡೆಸಿ ತಿನ್ನಿಸುವ ಟೂರಿಗೆ ಕರೆದೊಯ್ದದ್ದು ನನ್ನದೇ ಭಂಡ ಧೈರ್ಯ. ಮೊದಲ ಅಂಗಡಿಯಲ್ಲಿ ಅವರು ನೀರನ್ನೂ ಮುಟ್ಟಲಿಲ್ಲ. ಹೊರಬಂದು, ಜನರ ನಡುವೆ ನಮ್ಮ ಗೈಡ್ ಹುಡುಗಿಯ ಹಳದಿ ಕೊಡೆಯನ್ನೇ ನೋಡುತ್ತ ಹಿಂದೆ ಹಿಂದೆ ನಡೆದೆವು.

ಬೇಕರಿಯಲ್ಲಿ ಬಿಸಿ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟರು. ಅತ್ತೆ ಒಂದು ಚೂರು ಬಾಯಿಗಿಟ್ಟರು. ಆಮೇಲೆ ನನ್ನ ಪಾಲಿಗೂ ಕೈ ಹಾಕಿದರು. ಕಣ್ಣರಳಿಸಿ ಅವರನ್ನೇ ನೋಡುತ್ತಿದ್ದೆ, ಅಷ್ಟರಲ್ಲಿ ಹುಡುಗಿಯ ಫೋನು.

"ಆಂಟಿ, ಎಲ್ಲಿದೀರಾ?"

"ಬೇಕರೀಲಿ, ನಿನ್ನ ಹಿಂದೇನೇ."

"ನಾನು ಹಣ್ಣಿನ ಮಾರ್ಕೆಟ್ಟಲ್ಲಿದೀನಿ!"

ತಿರುಗಿ ನೋಡಿದರೆ, ಹಳದಿ ಕೊಡೆ ಹಿಡಿದಿದ್ದವನು ಯಾರೋ ಮೀಸೆಯ ಗೈಡು. ನಾಚಿಕೆಯಿಂದ ಭೂಮಿಗಿಳಿದು ಹೋದೆ.

"ನೀವು ನಮ್ಮ ಗುಂಪಿನವರಲ್ಲ ಅಂತ ಆಗಲೇ ಗೊತ್ತಾಯ್ತು," ಎಂದ ಆತ. "ಅಮ್ಮ ತಿನ್ನೋದು ನೋಡಿ ಹೇಳೋಕೆ ಮನಸ್ಸು ಬರ್ಲಿಲ್ಲ."

ಮಾರ್ಕೆಟ್ಟಿಗೆ ಹೊರಡೋಣವೆಂದು ನಾನು ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೂರಿಸಿದರು. "ಇರೇ, ಇವರು ಮುಂದೆ ಎಲ್ಲಿಗೆ ಹೋಗ್ತಾರೆ ಕೇಳು."

ಕೊನೆಯ ಅಂಗಡಿಯವರೆಗೂ ಮೀಸೆಯವನ ಹಿಂದೆಯೇ ಹೋದೆವು. ಈಗ ದೀಪ ಆರಿಸೋಣವೆಂದರೆ ಪಕ್ಕದ ಮಂಚದಿಂದ ಅತ್ತೆಯ ದನಿ: "ಮಲಗಿದ್ಯೇನೇ? ಬೇರೆ ಬಣ್ಣದ ಕೊಡೆಯವ್ರೂ ಇದಾರಾ ಈ ಊರಲ್ಲಿ?"