ಏರಿಯ ಹೊರಮೈ

ತಮ್ಮಾ ಮಾಳಪ್ಪ,

ಸಗರದ ಹತ್ತಿರ ಕಾಲುವೆಯ ಏರಿ ಜಿನುಗುತ್ತಿತ್ತು. ಅಗೆದು ನೋಡಲು ಗುದ್ದಲಿ ಹಿಡಿದು ಹೋದೆ. ಭೀಮರಾಯನಗುಡಿಯಿಂದ ಬಂದ ಹೊಸ ಇಂಜಿನಿಯರ್ ಹುಡುಗಿ ತಡೆದಳು. "ಏರಿ ಅಗಿಯೂದು ಬ್ಯಾಡ್ರಿ ಕಾಕಾ. ನೀರು ಬಂದ್ ಮಾಡಿ ಒಳಗಿಂದ ಪ್ಲಾಸ್ಟಿಕ್ ಹಾಳಿ ಹಾಸಿ ಸಿಮೆಂಟ್ ಹಾಕೂಣು." ನಾನು ನಂಬಲಿಲ್ಲ. ಇಪ್ಪತ್ತು ವರ್ಷ ಕಾಲುವೆ ಕಾದವನು ನಾನು. ಕಣ್ಣಾರೆ ತೂತು ಕಾಣದೆ ಮುಚ್ಚಿದ್ದನ್ನು ಮುಚ್ಚಿದ್ದು ಅನ್ನುವುದಿಲ್ಲ.

ನಿನ್ನ ಡಾಕ್ಟರಿಗೂ ಇದನ್ನೇ ಅಂದಿದ್ದೆ. ಟ್ರ್ಯಾಕ್ಟರ್ ಮಗುಚಿ ನಿನ್ನ ಎದೆಯ ದೊಡ್ಡ ರಕ್ತನಾಳ ಹರಿದಿತ್ತು. ಅವರು ಎರಡು ದಾರಿ ಹೇಳಿದರು: ಎದೆ ಸೀಳಿ ಹೊಲಿಯುವುದು, ಇಲ್ಲವೇ ತೊಡೆಯಿಂದ ಕೊಳವೆ ತೂರಿಸಿ ನಾಳದೊಳಗೆ ಅಸ್ತರು ಕೂಡಿಸುವುದು.

"ಎರಡನೇದ್ರಾಗ ಜೀವಕ್ಕ ಧೋಕಾ ಕಡಿಮಿ," ಅಂದರು.

"ಒಳಗ ಅಸ್ತರ ಹಾಕಿದ್ರ ತೂತು ಹಂಗಾ ಉಳೀತದಲ್ರಿ? ತೆರೆದು ಹೊಲೀರಿ," ಅಂದೆ.

ಸಲೀಸು ದಾರಿ ತೋರಿಸುವವರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಕಾಗದದ ಮೇಲಿನ ಸಹಿ ನನ್ನದೇ. ಹೊಲಿಗೆ ಒಣಗುವಷ್ಟು ದಿನವೂ ನೀನು ಉಳಿಯಲಿಲ್ಲ.

ಆ ಹುಡುಗಿ ತಾನಂದಂತೆಯೇ ಕಾಲುವೆಯನ್ನು ಒಳಗಿಂದ ಮುಚ್ಚಿಸಿದಳು. ಇವತ್ತು ಬೆಳಿಗ್ಗೆ ಕಾಲುವೆಗೆ ನೀರು ಬಿಟ್ಟರು. ತುಂಬಿ ಹರಿಯಿತು. ಎಲ್ಲೋ ಮೋಸವಿರಲೇಬೇಕೆಂದು ಹೊರಮೈಗೆ ಇಳಿದು, ಮೊದಲು ಜಿನುಗುತ್ತಿದ್ದ ಕಡೆ ಅಂಗೈ ಒತ್ತಿದೆ. ಮಧ್ಯಾಹ್ನ ಮತ್ತೆ ಒತ್ತಿದೆ. ಸಂಜೆಯೂ ಒತ್ತಿದೆ.

"ಏನ್ ಹುಡುಕಾಕತ್ತೀರಿ ಕಾಕಾ?" ಎಂದಳು ಆ ಹುಡುಗಿ.

"ಹಸಿ ಅದೇನ ಅಂತ ನೋಡಾಕತ್ತೇನಿ," ಅಂದೆ.

ಮೂರು ಸಲವೂ ಕೈಗೆ ಒಣ ಮಣ್ಣೇ ಹತ್ತಿತು. ನಾಳೆಯೂ ಹೋಗುತ್ತೇನೆ. ಒಂದು ಹನಿಯಾದರೂ ಜಿನುಗಬೇಕು, ಮಾಳಪ್ಪ.