ಟೆಂಪೋ ಇಳಿಯುತ್ತಿದೆ

ಮಾರ್ಚ್ 3, ಬೆಳಿಗ್ಗೆ

ಮತ್ತೆ ಅದೇ ರಾಗ, ಅದೇ ಹಾಡು. ನಿಮಿಷಕ್ಕೆ 120 ಪೆಟ್ಟಿಗೆ ಶುರು, ಹಾಡು ಮುಗಿಯುವಷ್ಟರಲ್ಲಿ ಟೆಂಪೋ, ಅಂದರೆ ತಾಳದ ವೇಗ, 112. ಅಪ್ಪ ಡ್ರಮ್ ಪ್ಯಾಡ್ ಬಾರಿಸುತ್ತಾರೆ. ಒಂದು ಆ್ಯಪ್ ಆ ಪೆಟ್ಟು ಕೇಳಿ ಟೆಂಪೋ ಹಿಡಿಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಬೇಸ್, ಕೀಬೋರ್ಡ್ ನುಡಿಸುವ ಇನ್ನೊಂದು ಆ್ಯಪ್ ಅದನ್ನೇ ಅನುಸರಿಸಬೇಕು. ಎರಡೂ ಓಪನ್ ಸೋರ್ಸ್, ಯಾರೋ ಬರೆದು ಪುಕ್ಕಟೆ ಹಂಚಿದ್ದು. ಮಧ್ಯೆ ಎಲ್ಲೋ ಎಡವಟ್ಟು.

ಭಾನುವಾರ ಸ್ಟೇಜ್. ಎರಡು ವರ್ಷದ ಮೇಲೆ ಅಪ್ಪ ಜನರ ಮುಂದೆ ಕೂರುವುದು. ಹೀಗಾದರೆ ಮಾನ ಹರಾಜು.

ಮಾರ್ಚ್ 4

ಟೆಂಪೋ ಹಿಡಿಯುವ ಆ್ಯಪ್ ಬರೆದವನಿಗೆ ಚೆನ್ನಾಗಿ ಉಗಿದು ಮೇಲ್ ಹಾಕಿದೆ. ಇನ್ನೂ ಖಾರವಾಗಿ ಬರಿ ಅಂತ ಅಪ್ಪ ಪಕ್ಕದಲ್ಲೇ ಕೂತು ಉರಿಗೆ ತುಪ್ಪ ಸುರಿದರು. ಅಮ್ಮ ಮಾತ್ರ, ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬೇಡ ಅಂದಳು.

ಮಾರ್ಚ್ 6, ಮಧ್ಯಾಹ್ನ

ಉತ್ತರ ಬಂತು. ಪಾಪ, ಸಿಟ್ಟೇ ಇಲ್ಲ. ಪ್ಯಾಡ್ ಬದಲು ಟಿಕ್ ಟಿಕ್ ಅಂತ ಸಮ ತಾಳ ಹಾಕುವ ಒಂದು ಮೆಟ್ರೊನೋಮ್ ಜೋಡಿಸಿ ನೋಡಿ ಅಂದಿದ್ದಾನೆ. ನೋಡೇ ಬಿಡೋಣ ಅಂತ ಜೋಡಿಸಿದೆ. 120. ಅರ್ಧ ಗಂಟೆಯಾದರೂ ಕದಲಲಿಲ್ಲ.

ಅಂದರೆ...

ಅಪ್ಪನ ರೆಕಾರ್ಡಿಂಗ್ ತೆರೆದೆ. ಬಲಗೈ ಪೆಟ್ಟು ಸರಿಯಾಗಿ ಬೀಳುತ್ತಿದೆ. ಎಡಗೈ ತಡ. ಹಾಡು ಹೋದಂತೆ ಇನ್ನೂ ತಡ. ಆ್ಯಪ್ ತಪ್ಪಿರಲೇ ಇಲ್ಲ. ಅಪ್ಪನನ್ನು ನೆಟ್ಟಗೆ ಅನುಸರಿಸಿತ್ತು, ಅಷ್ಟೆ.

ಅಮ್ಮನನ್ನು ಹಿಡಿದು ಕೇಳಿದೆ. ಅಪ್ಪನ ಷರ್ಟಿನ ಗುಂಡಿ ಈಗ ಅವಳೇ ಹಾಕುವುದಂತೆ. ನನಗೆ ಹೇಳಕೂಡದು ಅಂತ ಆಣೆ ಹಾಕಿಸಿಕೊಂಡಿದ್ದಾರಂತೆ. ಡಾಕ್ಟರು ಗೀಕ್ಟರು ಎಲ್ಲ ಭಾನುವಾರ ಕಳೆದ ಮೇಲಂತೆ. ನನಗೆ ಅಳುವೂ ಬರಲಿಲ್ಲ.

ಮಾರ್ಚ್ 8, ಸಂಜೆ

ಕೊನೆಗೂ ಅಪ್ಪನ ಮುಂದೆ ಬಾಯಿಬಿಟ್ಟೆ. ಸುಳ್ಳೇ ಹೇಳಿದೆ. ಈ ದರಿದ್ರ ಆ್ಯಪ್ ನಂಬುವ ಹಾಗಿಲ್ಲ, ನಾಳೆ ಟೆಂಪೋ ನನ್ನ ಲ್ಯಾಪ್‌ಟಾಪಿನಿಂದಲೇ ಕೊಡುತ್ತೇನೆ ಅಂತ.

ಅಪ್ಪ ಕೋಲು ಕೆಳಗಿಟ್ಟರು.

“ಆ್ಯಪ್ ಸರಿಯಾಗೇ ಇದೆ ಪುಟ್ಟಿ. ನಂಗೆ ಮೊದಲಿಂದ್ಲೂ ಗೊತ್ತು.”

ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ನೀನು ಅದನ್ನ ಬೈತಿದ್ದಷ್ಟು ದಿನ ಧೈರ್ಯ ಇತ್ತು ಕಣೇ. ನಾನೇ ಕಲಿಸಿದ ಕಿವಿಗೇ ಗೊತ್ತಾಗ್ಲಿಲ್ಲ ಅಂದ್ರೆ, ಜನಕ್ಕೆಲ್ಲಿ ಗೊತ್ತಾಗುತ್ತೆ ಅಂತ.” ಎಡಗೈ ನೋಡಿಕೊಂಡು ಕೇಳಿದರು, “ಈಗ ಜನಕ್ಕೂ ಗೊತ್ತಾಗುತ್ತಾ?”

ಓಡಿಬಂದು ರೂಮಿನಲ್ಲಿ ಕೂತಿದ್ದೇನೆ. ಗೋಡೆಯಾಚೆ ಮತ್ತೆ ಶುರು ಮಾಡಿದ್ದಾರೆ. ಆ್ಯಪ್ ಇಲ್ಲ, ನಾನಿಲ್ಲ. ಬಲ, ಎಡ. ಬಲ, ಎಡ. ಬಲ... ಎಡ. ಬಲ—