ಹಿಂದಕ್ಕೆ ಉರುಳಿಸಿದ ಚೆಂಡು

ಥಾರ್ನ್‌ಶಾ, ಯಾರ್ಕ್‌ಷೈರ್
ಬುಧವಾರ, ಆಗಸ್ಟ್ 20

ಪ್ರೀತಿಯ ಕ್ಯಾಲಮ್,

ಭುಜ ಹೇಗಿದೆ? ಹೋದ ವರ್ಷ ಕಳಚಿಕೊಂಡಿದ್ದ ಎಡಭುಜದ ಬಗ್ಗೆ ಕೇಳುತ್ತಿದ್ದೇನೆ. ಫ್ಲಾರಿಡಾದ ಬಿಸಿಲಲ್ಲಿ ತಲೆಗೆ ಆ ಬುಟ್ಟಿಯನ್ನು ಕವುಚಿಕೊಂಡು ಓಡುತ್ತೀಯಂತೆ, ನೀರನ್ನಾದರೂ ಸರಿಯಾಗಿ ಕುಡಿಯುತ್ತಿದ್ದೀಯಾ? ಅಲ್ಲಿ ಚಹಾ ಎಂದರೆ ಐಸು ಹಾಕಿ ಕೊಡುತ್ತಾರೆ ಎಂದು ನಿನ್ನಮ್ಮ ಹೇಳಿದಳು. ಪಾಪ, ಆ ದೇಶದವರಿಗೆ ಹೇಳುವವರು ಯಾರೂ ಇರಲಿಲ್ಲವೇನೋ. ಇಲ್ಲಿ ಎಲ್ಲರೂ ಆರೋಗ್ಯ. ಹಿತ್ತಲಲ್ಲಿ ಈರುಳ್ಳಿ ಜಾತಿಯ ಲೀಕ್ ಗಿಡಗಳು ಈ ಸಲ ನನ್ನ ಮುಂಗೈಯಷ್ಟು ದಪ್ಪ ಬಂದಿವೆ. ಕುಶಲ ಇಷ್ಟು ಸಾಕು. ಶನಿವಾರದಿಂದ ನಾನು ಸಿಟ್ಟಿನಲ್ಲಿ ಕುದಿಯುತ್ತಿದ್ದೇನೆ, ಅದರಲ್ಲಿ ನಿನ್ನ ಪಾಲೂ ಇದೆ. ಕೂತು ಓದು.

ನಿನ್ನ ಆ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮರುಪ್ರಸಾರವನ್ನು ಶನಿವಾರ ಬೆಳಿಗ್ಗೆ ನಾನೂ ನಿನ್ನಮ್ಮನೂ ನೋಡಿದೆವು. ಅವರು ಒದ್ದ ಚೆಂಡು ಆಕಾಶದಿಂದ ಇಳಿಯಿತು, ನೀನು ಹಿಡಿದೆ, ಇಬ್ಬರನ್ನು ತಪ್ಪಿಸಿದೆ, ಮೂರನೆಯವನು ಸೊಂಟಕ್ಕೆ ಬಿದ್ದು ಕೆಡವಿದ. ಅಲ್ಲಿಗೆ ಅವರ ಆಟ ನಿಲ್ಲುತ್ತದೆ. ಶಿಳ್ಳೆ ಊದಿದ ಮೇಲೆ ಚೆಂಡು ಸತ್ತಂತೆ. ನಿನ್ನ ಕಾಲಿಗೆ ಅದು ಗೊತ್ತಿರಲಿಲ್ಲ. ನೀನು ಎದ್ದೆ, ಚೆಂಡನ್ನು ಹುಲ್ಲಿನ ಮೇಲಿಟ್ಟೆ, ಅಂಗಾಲಿನಿಂದ ಹಿಂದಕ್ಕೆ ಉರುಳಿಸಿದೆ, ಆಮೇಲೆ ಅದನ್ನು ಎತ್ತಿಕೊಳ್ಳುವವನು ಬಂದನೇ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಚೆಂಡು ಉರುಳುತ್ತಾ ಹೋಗಿ ತೀರ್ಪುಗಾರನ ಬೂಟಿಗೆ ತಾಗಿ ನಿಂತಿತು. ನಮ್ಮ ರಗ್ಬಿ ಲೀಗ್ ಆಡುವವನು, ಕೆಡವಿದಾಗಲೆಲ್ಲ ಎದ್ದು, ಐದನೇ ವಯಸ್ಸಿನಿಂದ ದಿನಕ್ಕೆ ನೂರು ಸಲ ಮಾಡುವ ಕೆಲಸ ಅದು. ಎಪ್ಪತ್ತು ಸಾವಿರ ಜನ ನಕ್ಕರು. ವೀಕ್ಷಕ ವಿವರಣೆಯ ಆ ಮಹಾಶಯ ಹೇಳಿದ್ದು ನಿನಗೂ ಕೇಳಿರಬೇಕು: "ಏನ್ರೀ ಇದು, ಹುಡುಗ ಮೊಟ್ಟೆ ಇಟ್ಬಿಟ್ನಲ್ಲ!"

ನಗಲಿ. ಬೇರೆ ಊರಿನವರ ಅಡುಗೆ ನೋಡಿ ಮುಖ ಹಿಂಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ನನ್ನ ಸಿಟ್ಟು ಅವರ ಮೇಲಲ್ಲ. ಪಂದ್ಯ ಮುಗಿದ ಮೇಲೆ ನೀನು ಕ್ಯಾಮೆರಾದ ಮುಂದೆ ನಿಂತು ಅವರ ಜೊತೆ ಸೇರಿ ನಕ್ಕೆಯಲ್ಲ, ಅದರ ಮೇಲೆ. "ಸಾರಿ, ಹಳೇ ಚಟ. ಅದೊಂದು ಸಣ್ಣ ಊರಿನ ಸಣ್ಣ ಆಟ, ಯಾರಿಗೂ ಗೊತ್ತಿಲ್ಲ. ಮರೀತಾ ಇದೀನಿ" ಎಂದೆ. ನಿನ್ನಮ್ಮ ತಕ್ಷಣ ಎದ್ದು ಟಿವಿ ಆರಿಸಿದಳು. ನಾನು ಮತ್ತೆ ಹಾಕಿಸಿದೆ. ನೀನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ನಿನ್ನ ಕಾಲು ಮಾಡಿದ್ದಕ್ಕೆ ಕ್ಷಮೆ ಬೇಕಿರಲಿಲ್ಲ ಕಣೋ. ನಿನ್ನ ಬಾಯಿ ಆಡಿದ್ದಕ್ಕೆ ಬೇಕು.

ಸಣ್ಣ ಆಟವಂತೆ. ಈ ಆಟ ಯಾಕೆ ಹುಟ್ಟಿತು ಎಂದು ನಿನಗೆ ಎಷ್ಟು ಸಲ ಹೇಳಿಲ್ಲ? ಗಣಿಯಲ್ಲಿ, ಗಿರಣಿಯಲ್ಲಿ ದುಡಿಯುವವರು ಶನಿವಾರದ ಕೂಲಿ ಬಿಟ್ಟು ಬಂದು ಆಡುತ್ತಿದ್ದರು. ಕಳೆದುಕೊಂಡ ಆ ಕೂಲಿಯನ್ನಾದರೂ ಕೊಡಿ ಎಂದು ಕೇಳಿದರೆ, ದೊಡ್ಡ ಮನೆತನದವರು ಮೂಗು ಮುರಿದು, ಆಟವನ್ನು ಮಾರುವ ದ್ರೋಹಿಗಳು ಎಂದರು. ಅದಕ್ಕೇ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಳೆಯ ರಗ್ಬಿ ಯೂನಿಯನ್ನಿನಿಂದ ಎದ್ದು ಹೊರಬಂದು ಈ ಲೀಗ್ ಕಟ್ಟಿದವು. ನಿನ್ನ ಮುತ್ತಾತ, ಅಂದರೆ ನನ್ನ ಅಪ್ಪ ಹ್ಯಾರಲ್ಡ್, ಬೆಟ್ಟದ ಮೇಲಿನ ಯೂನಿಯನ್ ಕ್ಲಬ್ಬಿನಲ್ಲಿ ಹಳೆಯ ರಗ್ಬಿ ಆಡುತ್ತಿದ್ದವನು ಒಂದು ಶನಿವಾರ ಸುಳ್ಳು ಹೆಸರಿನಲ್ಲಿ ಕೆಳಗಿಳಿದು ಬಂದು ನಮ್ಮ ಕ್ಲಬ್ಬಿಗೆ ಆಡಿದ. ಯಾರೋ ಚಾಡಿ ಹೇಳಿದರು. ಜೀವಮಾನದ ಬಹಿಷ್ಕಾರ ಬಿತ್ತು. ಅವನ ತಂಗಿ ಎಡಿತ್ ಮದುವೆಯಾದದ್ದು ಬೆಟ್ಟದ ಮೇಲಿನ ಹುಡುಗನನ್ನು. ಊಟವೂ ಅದೇ ಕ್ಲಬ್ಬಿನ ಸಭಾಂಗಣದಲ್ಲಿ. ಬಾಗಿಲಲ್ಲಿ ಅಪ್ಪನನ್ನು ತಡೆದರು: "ಹ್ಯಾರಲ್ಡ್, ನೀನು ಒಳಗೆ ಬರೋ ಹಾಗಿಲ್ಲಪ್ಪ, ನಿಯಮ." ಎಡಿತ್ ಅತ್ತೆ ಮದುವೆಯ ಬಟ್ಟೆಯಲ್ಲೇ ತಟ್ಟೆ ಹಿಡಿದು ಹೊರಗೆ ಬಂದು ಅಣ್ಣನ ಪಕ್ಕ ಮೋಟುಗೋಡೆಯ ಮೇಲೆ ಕೂತಳು. ಮದುಮಗ ಒಳಗೆ, ಮದುಮಗಳು ಹೊರಗೆ. ಅಪ್ಪ ಆ ಊಟದ ರುಚಿಯನ್ನು ಎಂಬತ್ತನೇ ವಯಸ್ಸಿನಲ್ಲೂ ಹೊಗಳುತ್ತಿದ್ದ. ಆದರೆ ಯಾವತ್ತೂ ಯಾರ ಮುಂದೆಯೂ, ಸಾರಿ, ಮರೀತಾ ಇದೀನಿ ಎನ್ನಲಿಲ್ಲ.

ಈಗ ಇದೇ ಊರು ನಿನ್ನನ್ನು ಏನೆಂದು ಕರೆಯುತ್ತಿದೆ ಗೊತ್ತೇ? ದ್ರೋಹಿ. ಕ್ಲಬ್ಬು ಬಿಟ್ಟು ದುಡ್ಡಿನ ಹಿಂದೆ ಅಮೆರಿಕಕ್ಕೆ ಹೋದವನು. ದುಡಿಮೆಗೆ ಕೂಲಿ ಕೇಳಿದ್ದಕ್ಕೇ ಹುಟ್ಟಿದ ಕ್ಲಬ್ಬಿನ ಜನ! ಮೂವತ್ತೈದು ವರ್ಷ ಇವರಿಗೆ ಶಾಲೆಯಲ್ಲಿ ಚರಿತ್ರೆ ಹೇಳಿದೆ. ಒಂದು ಅಕ್ಷರವೂ ತಲೆಗೆ ಹೋಗಿಲ್ಲ. ಸೋಮವಾರ ಕರಿದ ಮೀನಿನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಬಾಣಲೆಯ ಹಿಂದಿನಿಂದ ಬರ್ನಾರ್ಡ್ ಎಲ್ಲರಿಗೂ ಕೇಳುವ ಹಾಗೆ, "ಮೇಷ್ಟ್ರೇ, ಮೊಮ್ಮಗ ಮೊಟ್ಟೆ ಇಟ್ನಂತೆ, ಆಮ್ಲೆಟ್ ಯಾವಾಗ?" ಎಂದ. ಅಂಗಡಿಯೆಲ್ಲ ಕಿಸಕ್ಕೆಂದಿತು. "ನೀನು ಎಣ್ಣೆ ಬದಲಾಯಿಸಿದ ದಿನ ಮಾಡಿಸ್ಕೊಂಡು ತಿಂತೀನಿ, ಆ ದಿನ ನಾನು ಬದುಕಿದ್ರೆ" ಎಂದೆ. ಆಗಲೂ ನಕ್ಕರು, ಅದೊಂದು ಸಮಾಧಾನ. ಮೀನು ಮಾತ್ರ ಬಿಟ್ಟು ಬರಲಿಲ್ಲ. ಸಿಟ್ಟಿಗೂ ಹಸಿವಾಗುತ್ತದೆ.

ಭಾನುವಾರದ್ದು ಇನ್ನೂ ಕೇಳು. ಕ್ಲಬ್ಬಿನ ಅಧ್ಯಕ್ಷ ಗಾರ್ಡನ್ ಸೈಕ್ಸ್ ಮನೆಗೆ ಬಂದ. ಕಿಟಕಿ ಮಾರಿ ಶ್ರೀಮಂತನಾದ ಅದೇ ಗಾರ್ಡನ್, ನನ್ನ ತರಗತಿಯಲ್ಲಿ ಪಕ್ಕದವನ ಉತ್ತರದ ಜೊತೆ ಪಕ್ಕದವನ ಹೆಸರನ್ನೂ ನಕಲು ಮಾಡಿದವನು. ವಸಂತದ ಭೋಜನಕೂಟದಲ್ಲಿ ಎದ್ದು ನಿಂತು, ನಿನ್ನ ಫೋಟೋವನ್ನು ಗೋಡೆಯಿಂದ ಇಳಿಸಿದ್ದೇವೆ ಎಂದು ಚಪ್ಪಾಳೆ ಗಿಟ್ಟಿಸಿದ್ದನಲ್ಲ, ಅವನೇ. ಈಗ ಕೈಯಲ್ಲಿ ಹಂದಿಮಾಂಸದ ಕಡುಬು, ಮುಖದಲ್ಲಿ ಜೇನುತುಪ್ಪ. "ಮೇಷ್ಟ್ರೇ, ಇನ್ನೊಂದು ಪಂದ್ಯ ಸೋತ್ರೆ ಕೆಳಗಿನ ದರ್ಜೆಗೆ ಬೀಳ್ತೀವಿ. ಹುಡುಗನಿಗೂ ಅಲ್ಲಿ ಮರ್ಯಾದೆ ಇಲ್ಲ. ನೀವೊಂದು ಮಾತು ಬರೀರಿ, ಮುಂದಿನ ಭಾನುವಾರದೊಳಗೆ ಬಂದ್ರೂ ಸಾಕು, ಹೆಸರು ಸೇರಿಸ್ಕೋತೀವಿ" ಎಂದ. "ಫೋಟೋ ಎಲ್ಲಿದೆ ಗಾರ್ಡನ್?" ಎಂದು ಕೇಳಿದೆ. "ಜೋಪಾನವಾಗಿದೆ ಮೇಷ್ಟ್ರೇ, ಉಗ್ರಾಣದಲ್ಲಿ." "ದ್ರೋಹಿಗಳನ್ನ ಈಗ ಉಗ್ರಾಣದಲ್ಲಿ ಜೋಪಾನ ಮಾಡ್ತೀರಾ? ಕಡುಬು ಎತ್ಕೋ, ಹೊರಡು." ಅವನು ಹೊರಟ. ಕಡುಬನ್ನು ಬಿಟ್ಟುಹೋದ, ಅದು ಚೆನ್ನಾಗಿಯೇ ಇತ್ತು.

ಇನ್ನು ನಿನ್ನ ಸರದಿ. ಆ ಸಂಜೆ ನೀನು ಫೋನ್ ಮಾಡಿದ್ದು ನನಗೆ ಕೇಳಿಸಿತು. ನಿನ್ನಮ್ಮ ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಪಾತ್ರೆ ತೊಳೆಯುತ್ತಾಳೆಂಬುದು ನಿನಗೆ ಗೊತ್ತಿರಬೇಕಿತ್ತು. "ಅಮ್ಮಾ, 26ನೇ ತಾರೀಕು ಮಂಗಳವಾರ ತಂಡದ ಕೊನೇ ಪಟ್ಟಿ ಹಾಕ್ತಾರೆ. ನನ್ನ ಹೆಸರು ಇರಲ್ಲ ಅನ್ಸುತ್ತೆ. ಅದಕ್ಕೆ ಮುಂಚೆ ನಾನೇ ಬಂದ್ಬಿಡ್ಲಾ?" ಎಂದೆ. ಅವರು ತೆಗೆಯುವ ಮೊದಲೇ ನೀನೇ ಎದ್ದು ಬರುವುದಂತೆ! ಅಲ್ಲಿಗೆ ಹೋಗಿ ತೊಂಬತ್ತು ಜನರ ನಡುವೆ ಬೇಸಿಗೆಯೆಲ್ಲ ಬೆವರು ಹರಿಸಿದ್ದು ಇದಕ್ಕೇನು?

ಆ ಆಟ ನನಗೆ ಇಷ್ಟವಿಲ್ಲ. ಅರೆಗಳಿಗೆ ಓಡುತ್ತಾರೆ, ಆಮೇಲೆ ಪಂಚಾಯಿತಿ ಸಭೆಯ ಹಾಗೆ ಗುಂಪು ಕಟ್ಟಿ ಚರ್ಚಿಸುತ್ತಾರೆ. ಚೆಂಡನ್ನು ಮುಂದಕ್ಕೆ ಎಸೆಯುತ್ತಾರೆ, ನಮ್ಮಲ್ಲಿ ಚಿಕ್ಕ ಮಕ್ಕಳೂ ಮಾಡದ ತಪ್ಪು. ಆದರೂ ನಿನ್ನ ಆ ಓಟವನ್ನು ಮತ್ತೆ ನೋಡಿದೆ. ಇಬ್ಬರನ್ನು ತಪ್ಪಿಸಿದೆಯಲ್ಲ, ಬಲಗಾಲನ್ನು ಊರಿದಂತೆ ಮಾಡಿ ಎಡಕ್ಕೆ ಸರಿದು, ಅದನ್ನು ನಿನಗೆ ಅಮೆರಿಕದವರು ಕಲಿಸಿಲ್ಲ. ಗಣಿಯ ಹಿಂದಿನ ಇಳಿಜಾರು ಮೈದಾನದಲ್ಲಿ, ಮಳೆಯಲ್ಲಿ, ನಾವು ಕಲಿಸಿದ್ದು. ಅದನ್ನು ನೋಡಿ ಆ ಎಪ್ಪತ್ತು ಸಾವಿರ ಜನರೂ ಒಂದು ಕ್ಷಣ ಉಸಿರು ಹಿಡಿದಿದ್ದರು. ಅದು ನಿನಗೆ ಕೇಳಿಸಲಿಲ್ಲವೇ? ನಗು ಮಾತ್ರ ಕೇಳಿಸಿತೇ? ಅವರ ನಿಯಮ ಕಲಿ, ಬೇಡವೆನ್ನುವುದಿಲ್ಲ. ಮಂಗಳವಾರ ಅವರು ಹೊರಗೆ ಹಾಕಿದರೆ ಹಾಕಲಿ, ತಲೆಯೆತ್ತಿ ಬಾ. ನಿನ್ನ ಕೋಣೆ ಇದ್ದಂತೆಯೇ ಇದೆ. ಆಮೇಲೆ ಈ ಕ್ಲಬ್ಬಿಗೆ ಆಡುವುದೋ ಬಿಡುವುದೋ ನೀನೇ ನಿರ್ಧರಿಸು, ಗಾರ್ಡನ್ ಅಲ್ಲ, ನಾನೂ ಅಲ್ಲ. ಇನ್ನೊಮ್ಮೆ ಯಾರಾದರೂ ಮೈಕು ಹಿಡಿದರೆ, ಆ ಚೆಂಡನ್ನು ಯಾಕೆ ಹಿಂದಕ್ಕೆ ಉರುಳಿಸಿದೆ ಎಂದು ಸರಿಯಾಗಿ ಹೇಳು: ನಮ್ಮ ಆಟದಲ್ಲಿ ಬಿದ್ದವನು ತಾನೇ ಎದ್ದು ಆಟವನ್ನು ಮುಂದುವರಿಸುತ್ತಾನೆ ಎಂದು. ಅಷ್ಟು ಹೇಳುವುದಕ್ಕೆ ನಾಚಿಕೆ ಏಕೆ?

ಭುಜಕ್ಕೆ ಬಿಸಿ ಶಾಖ ಕೊಡು. ಒಳ್ಳೆಯದಾಗಲಿ ಮಗು. ಎಷ್ಟು ಸಿಟ್ಟಿದ್ದರೂ ನಿನ್ನವನೇ,

ತಾತ
ವಿಲ್ಫ್ರೆಡ್ ಆರ್ಮಿಟೇಜ್

ಮರೆತಿದ್ದೆ: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿದಿದೆ. ತುರ್ತು ಅಂಚೆಗೆ ದುಡ್ಡು ಸುರಿಯುತ್ತಿರುವುದೇ ಇದಕ್ಕಾಗಿ. ಗಾರ್ಡನ್ ಹೋಗುವಾಗ ಗೇಟಿನ ಬಳಿ ನಿನ್ನಮ್ಮನ ಕಿವಿಯಲ್ಲಿ ಏನೋ ಊದಿದ್ದಾನೆ. ಈ ಬರುವ ಶನಿವಾರ ಅವಳು ಫೋನ್ ಮಾಡಿ, ತಾತನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ, ತಕ್ಷಣ ಬಾ ಎನ್ನುತ್ತಾಳೆ. ಅಭ್ಯಾಸ ಮಾಡಿಕೊಳ್ಳುತ್ತಿದ್ದದ್ದು ಅಡುಗೆಮನೆಯಿಂದ ನನಗೆ ಕೇಳಿಸಿತು. ಅಳುವುದು ಇನ್ನೂ ಸರಿಯಾಗಿ ಬಂದಿಲ್ಲ. ಅವಳ ಮೇಲೆ ರೇಗಬೇಡ. ಅವಳಿಗೆ ಕ್ಲಬ್ಬು ಬೇಕಿಲ್ಲ, ಜಗತ್ತು ತನ್ನ ಮಗನನ್ನು ನೋಡಿ ನಗುವುದು ನಿಂತರೆ ಸಾಕು. ರೇಗುವ ಕೆಲಸ ನನಗೆ ಬಿಡು. ನನಗೆ ಏನೂ ಆಗಿಲ್ಲ. ಒಂದು ವೇಳೆ ನಿಜವಾಗಿ ಸತ್ತೇ ಹೋದರೂ ಮಂಗಳವಾರದ ಪಟ್ಟಿ ನೋಡಿಕೊಂಡು ಬಾ. ಅಲ್ಲಿಯವರೆಗೆ ನಾನು ಎಲ್ಲಿಗೂ ಹೋಗುವುದಿಲ್ಲ.